ಕರುಳಿನಲ್ಲಿ ಸಿಕ್ಕಿಕೊಂಡ ಮೊಟ್ಟೆ



ದನಗಳ ಗೊರಕೆ ರೋಗ ನಿಮಗೆ ಹೊಸದಲ್ಲ. ಕೆರೆಕುಂಟೆಗೆ ಇಳಿಯುವ ಎತ್ತು ಉಸಿರಾಡುವಾಗ ಗೊರ ಗೊರ ಎನ್ನುತ್ತದೆ, ಮೂಗಿನಿಂದ ಸಿಂಬಳ ಸುರಿಯುತ್ತದೆ. ಒಳಗೆ ನೋಡಿದರೆ ಹೂಕೋಸಿನಂಥ ಗಡ್ಡೆ. ಆ ಗಡ್ಡೆ ಬೆಳೆದದ್ದು ಹೇಗೆಂದು ತಿಳಿದರೆ ಚೀನಾದ ಭತ್ತದ ರೈತರ ಕರುಳಿಗೆ ಹಿಡಿಯುವ ಒಂದು ರೋಗವೂ ಅರ್ಥವಾಗುತ್ತದೆ.

ಎರಡಕ್ಕೂ ಕಾರಣ ರಕ್ತನಾಳದೊಳಗೆ ಬದುಕುವ ಒಂದೇ ಕುಲದ ಹುಳುಗಳು. ಮರಿಗಳು ಬಸವನಹುಳುವಿನ ಮೈಯಲ್ಲಿ ಬೆಳೆದು ನೀರಿಗೆ ಬರುತ್ತವೆ. ನೀರಿಗಿಳಿದವರ ಚರ್ಮ ತೂರಿ ಒಳಸೇರುತ್ತವೆ. 1950ರ ದಶಕದಲ್ಲಿ ಚೀನಾದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರಿಗೆ ಈ ರೋಗವಿತ್ತು. ಎಮ್ಮೆಗಳನ್ನೂ ಬಿಡಲಿಲ್ಲ. ಬಳಿಕ ಬಸವನಹುಳು ಕೊಂದು, ಔಷಧಿ ಕೊಟ್ಟು ಬಹುಮಟ್ಟಿಗೆ ತಗ್ಗಿಸಿದ್ದಾರೆ.

ಹುಳುವಿಗಿಂತ ಅದರ ಮೊಟ್ಟೆಯೇ ಹೆಚ್ಚು ಕೆಡುಕು. ಹೆಣ್ಣುಹುಳು ಕರುಳಿನ ರಕ್ತನಾಳದಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಕೆಲವು ಮಲದೊಡನೆ ಹೊರಬೀಳುತ್ತವೆ, ಉಳಿದವು ಯಕೃತ್ತಿನಲ್ಲೋ ಕರುಳಿನ ಗೋಡೆಯಲ್ಲೋ ಸಿಕ್ಕಿಕೊಳ್ಳುತ್ತವೆ. ಕಾಲಿಗೆ ಚುಚ್ಚಿದ ಜಾಲಿಮುಳ್ಳು ಒಳಗೇ ಮುರಿದರೆ ಸುತ್ತ ಗಂಟು ಕಟ್ಟುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಮುಳ್ಳನ್ನಾದರೆ ಕಿತ್ತು ತೆಗೆಯಬಹುದು, ಇದನ್ನು ಕೀಳುವವರು ಯಾರು? ಮೊಟ್ಟೆ ಸತ್ತು ಸುಣ್ಣಗಟ್ಟಿ ಅಲ್ಲೇ ಕೂರುತ್ತದೆ. ಕರುಳಿನ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಒಳಪೊರೆ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಹುಣ್ಣಾಗುತ್ತದೆ. ಅಲ್ಲಲ್ಲಿ ನರುಳ್ಳೆಯಂತೆ ಮಾಂಸ ಬೆಳೆದು ಜೋಲುತ್ತದೆ. ಹೀಗೆ ವರ್ಷಗಟ್ಟಲೆ ಕೆಟ್ಟು ಕಟ್ಟಿ, ಕೆಟ್ಟು ಕಟ್ಟಿ, ಜೀವಕಣಗಳು ಎಂದೋ ಒಂದು ದಿನ ಅಂಕೆ ತಪ್ಪಬಹುದು. ಅಂಕೆಯಿಲ್ಲದೆ ಬೆಳೆದು ಪಕ್ಕದ ಮಾಂಸಕ್ಕೂ ನುಗ್ಗುವುದೇ ಕ್ಯಾನ್ಸರ್. ಆ ಸೀಮೆಯ ರೋಗಿಗಳ ಕರುಳಿನ ಗಡ್ಡೆ ಕೊಯ್ದು ನೋಡಿದಾಗ ಪಕ್ಕದಲ್ಲೇ ಹಳೆಯ ಮೊಟ್ಟೆಗಳು ಸಿಕ್ಕಿದ್ದುಂಟು.

ಆದರೂ ಪಕ್ಕದಲ್ಲಿ ಸಿಕ್ಕಿದವನೇ ಕಳ್ಳ ಅಂತ ತೀರ್ಪು ಕೊಡಲಾಗದು. ಈಜಿಪ್ಟಿನ ಕಡೆ ಮೂತ್ರಕೋಶಕ್ಕೆ ಹತ್ತುವ ಇದೇ ಕುಲದ ಇನ್ನೊಂದು ಹುಳು ಕ್ಯಾನ್ಸರ್ ತರುವುದು ಖಚಿತ, ಚೀನಾದ ಹುಳು ತರಬಹುದು ಎಂದಷ್ಟೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಹೇಳಿತು.

ಈ ಚೀನಾ ಹುಳುವನ್ನು ಸಾಕುವ ಬಸವನಹುಳು ನಮ್ಮ ನಾಡಿನಲ್ಲಿಲ್ಲ. ಈ ಮಾತು ಕೇಳಿ ಗದ್ದೆಗಿಳಿಯಲು ಹೆದರಬೇಡಿ. ಎತ್ತಿನ ಮೂಗಿನ ಗೊರಕೆ ಗಡ್ಡೆ ಮೊಟ್ಟೆಯ ಸುತ್ತ ಕಟ್ಟಿದ್ದೇ ಹೊರತು ಕ್ಯಾನ್ಸರ್ ಅಲ್ಲ. ಪಶುವೈದ್ಯರಿಗೆ ತೋರಿಸಿ. ಆ ಸಿಂಬಳದಲ್ಲೇ ಮೊಟ್ಟೆಯಿರುವುದರಿಂದ ಗುಣವಾಗುವ ತನಕ ಅದನ್ನು ಕೆರೆಗೆ ಇಳಿಸದೆ ಬಾನಿಯಲ್ಲಿ ನೀರು ಕುಡಿಸಿ. ಬಾತುಕೋಳಿ ಸಾಕಿದ್ದರೆ ಇನ್ನೂ ಒಳ್ಳೆಯದು, ಬಸವನಹುಳು ಅವಕ್ಕೆ ಬಹಳ ಇಷ್ಟ.

ಕರುಳಿನ ಕ್ಯಾನ್ಸರಿಗೆ ಹುಳುವೇ ಬೇಕೆಂದಿಲ್ಲ, ಅದು ನಮ್ಮಲ್ಲೂ ಉಂಟು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ವಯಸ್ಸಾದವರು, ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯವರೇ ಕೇಳಿ ತಿಳಿದು ಆಸ್ಪತ್ರೆಗೆ ಕರೆದೊಯ್ಯಬೇಕು.