ಅಲಿಗೇಟರ್ ಮುಖದ ಚುಕ್ಕೆಗಳು

ಜೂನ್‌ನಲ್ಲಿ ಫ್ಲಾರಿಡಾದ ಮಗಳ ಮನೆಗೆ ಹೊರಟಿರುವ ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: ಡಿಸ್ನಿ ವರ್ಲ್ಡ್ ಪಕ್ಕದ ರೆಸಾರ್ಟುಗಳ ಕೆರೆಯಲ್ಲಿ ಮೊಸಳೆ ಇರುತ್ತವಂತೆ, ನಿಜವೇ?

ನಿಜ. ಫ್ಲಾರಿಡಾದ 67 ಕೌಂಟಿಗಳಲ್ಲಿ ಒಂದನ್ನೂ ಬಿಡದೆ ಮೊಸಳೆ ಕುಲದ ಅಲಿಗೇಟರ್‌ಗಳಿವೆ. ಒಟ್ಟು ಸುಮಾರು 13 ಲಕ್ಷ ಎಂದು ಅಲ್ಲಿನ ವನ್ಯಜೀವಿ ಆಯೋಗದ ಅಂದಾಜು. ಕಾಲುವೆ, ಮಳೆನೀರಿನ ಹೊಂಡ, ಗಾಲ್ಫ್ ಮೈದಾನದ ಕೊಳ, ಸಿಹಿನೀರು ಯಾವುದಾದರೂ ಅದಕ್ಕೆ ಸರಿಯೇ. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಪ್ರಾಣಿ 1987ರ ಹೊತ್ತಿಗೆ ಆ ಪಟ್ಟಿಯಿಂದ ಹೊರಬರುವಷ್ಟು ಚೇತರಿಸಿಕೊಂಡಿತು. ಅದೇ ಅವಧಿಯಲ್ಲಿ ಜನರೂ ಫ್ಲಾರಿಡಾಕ್ಕೆ ನುಗ್ಗಿದರು. ಎಲ್ಲರಿಗೂ ನೀರಿನ ದಂಡೆಯೇ ಬೇಕಿತ್ತು.

ಓದುಗರ ಮನಸ್ಸಿನಲ್ಲಿರುವುದು ಬಹುಶಃ 2016ರ ಜೂನ್ 14ರ ದುರಂತ. ಡಿಸ್ನಿಯ ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನ ಮುಂದೆ ಸೆವೆನ್ ಸೀಸ್ ಲಗೂನ್ ಎಂಬ ಸರೋವರವಿದೆ. ಅದು ಮನುಷ್ಯರು ತೋಡಿದ್ದು. ಅಗೆದ ಮಣ್ಣಿನಿಂದಲೇ ಮ್ಯಾಜಿಕ್ ಕಿಂಗ್‌ಡಮ್ ಎಂಬ ಡಿಸ್ನಿ ಉದ್ಯಾನದ ನೆಲವನ್ನು ಎತ್ತರಿಸಲಾಯಿತು. ಆದರೆ ಪಕ್ಕದ ಬೇ ಲೇಕ್ ಎಂಬ ನಿಜವಾದ ಕೆರೆಯೊಂದಿಗೆ ಅದರ ನೀರು ಕೂಡಿಕೊಂಡಿದೆ. ದಂಡೆಗೆ ಬಿಳಿ ಮರಳು ಸುರಿದು, ಒರಗು ಕುರ್ಚಿ ಹಾಕಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ ಪ್ರವಾಸಿ ಕುಟುಂಬವೊಂದರ ಎರಡು ವರ್ಷದ ಮಗು ಮರಳಿನ ಕೋಟೆಗೆ ನೀರು ತುಂಬಿಕೊಳ್ಳಲು ಬಗ್ಗಿದಾಗ ಅಲಿಗೇಟರ್ ಹಿಡಿಯಿತು. ತಂದೆ ಧಾವಿಸಿದರೂ ಬಿಡಿಸಲಾಗಲಿಲ್ಲ. ಈಜಬಾರದು ಎಂಬ ಫಲಕ ಅಲ್ಲಿತ್ತು. ಏಕೆ ಎಂಬುದು ಅದರಲ್ಲಿರಲಿಲ್ಲ, ಮಗುವೂ ಈಜುತ್ತಿರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಟಿವಿಯವರು ದವಡೆಯ ಬಲದ ಲೆಕ್ಕ ಹಿಡಿದು ಕೂರುತ್ತಾರೆ. ಲೆಕ್ಕವೇನೂ ಸುಳ್ಳಲ್ಲ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗರಿ ಎರಿಕ್ಸನ್ ತಂಡ ಮೊಸಳೆ ಕುಲದ 23 ಪ್ರಭೇದಗಳ ಬಾಯಿಗೂ ಅಳತೆಯ ಕಡ್ಡಿ ಕೊಟ್ಟು ಕಚ್ಚಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ದೊಡ್ಡ ಅಲಿಗೇಟರ್‌ನದು ಸಾವಿರ ಕಿಲೋ ಆಸುಪಾಸಿನ ಬಲ. ಆದರೆ ಮುಚ್ಚುವ ಸ್ನಾಯುವಿಗೆ ಇಷ್ಟು ಶಕ್ತಿಯಿದ್ದರೂ ತೆರೆಯುವ ಸ್ನಾಯು ಎಷ್ಟು ಬಡಪಾಯಿಯೆಂದರೆ, ಹಿಡಿಯುವವರು ಎಲೆಕ್ಟ್ರಿಷಿಯನ್ನರ ಟೇಪನ್ನೇ ನಾಲ್ಕು ಸುತ್ತು ಸುತ್ತಿ ಬಾಯಿ ಕಟ್ಟಿಬಿಡುತ್ತಾರೆ. ಅಂಕುಡೊಂಕಾಗಿ ಓಡಿ ತಪ್ಪಿಸಿಕೊಳ್ಳಿ ಎಂಬ ಸಲಹೆಯಂತೂ ಶುದ್ಧ ತಮಾಷೆ. ನೆಲದ ಮೇಲೆ ಅದು ಮನುಷ್ಯನನ್ನು ದೂರದವರೆಗೆ ಅಟ್ಟಿಸಿಕೊಂಡು ಬರುವ ಪ್ರಾಣಿಯೇ ಅಲ್ಲ. ಬಂದರೆ ನೇರ ಓಡಿದರಾಯಿತು.

ನನ್ನನ್ನು ಬೆರಗುಗೊಳಿಸುವುದು ದವಡೆಯ ಬಲವಲ್ಲ, ದವಡೆಯ ಚರ್ಮ. ಹತ್ತಿರದಿಂದ ತೆಗೆದ ಫೋಟೊ ನೋಡಿ: ತುಟಿಯಂಚಿನುದ್ದಕ್ಕೂ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಕಪ್ಪು ಗುಬುಟುಗಳು ಕಾಣುತ್ತವೆ. ಗಡ್ಡ ಬೋಳಿಸಿ ಎರಡು ದಿನವಾದವರ ಮುಖದಂತೆ. ಇವು ಏಕಿವೆ ಎಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡ್ಯಾಫ್ನಿ ಸೋರೆಸ್ ತಲೆಕೆಡಿಸಿಕೊಂಡರು. ಎಳೆಯ ಅಲಿಗೇಟರ್‌ಗಳನ್ನು ಕಗ್ಗತ್ತಲೆಯ ತೊಟ್ಟಿಯಲ್ಲಿ ಅರ್ಧ ಮುಳುಗಿರುವಂತೆ ಬಿಟ್ಟು, ನೀರಿನ ಮೇಲೆ ಒಂದೇ ಒಂದು ಹನಿ ಬೀಳಿಸಿದರು. ಅವು ಥಟ್ಟನೆ ಹನಿಯತ್ತ ತಿರುಗಿದವು. ಕಿವಿ ಮುಚ್ಚಿದಾಗಲೂ ತಿರುಗಿದವು. ಗುಬುಟುಗಳ ಮೇಲೆ ರಬ್ಬರಿನಂಥ ಲೇಪ ಬಳಿದಾಗ ಮಾತ್ರ ಸುಮ್ಮನೆ ಕೂತವು. ಅಂದರೆ ನೀರಿನ ಅಲೆಯನ್ನು ಗುರುತಿಸುತ್ತಿದ್ದುದು ಈ ಗುಬುಟುಗಳೇ. 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು, ಎರಡು ಪುಟವೂ ಇಲ್ಲದ ಪುಟ್ಟ ಬರಹ. ಕೆಲಸ ಎಷ್ಟು ಅಚ್ಚುಕಟ್ಟು ಎಂದರೆ ಇವತ್ತಿಗೂ ಓದಿದರೆ ಖುಷಿಯಾಗುತ್ತದೆ. ಜುರಾಸಿಕ್ ಕಾಲದ ಮೊಸಳೆಗಳ ದವಡೆ ಮೂಳೆಯಲ್ಲಿ ನರಗಳು ಹಾದುಹೋಗುವ ಇಂಥದೇ ರಂಧ್ರಗಳಿವೆ ಎಂಬುದನ್ನೂ ಸೋರೆಸ್ ತೋರಿಸಿದರು. ಮುಂದೆ 2012ರಲ್ಲಿ ಡಂಕನ್ ಲೀಚ್ ಮತ್ತು ಕೆನೆತ್ ಕಟಾನಿಯಾ, ಈ ಗುಬುಟುಗಳ ಸ್ಪರ್ಶಜ್ಞಾನ ಮನುಷ್ಯರ ಬೆರಳ ತುದಿಗಿಂತ ಸೂಕ್ಷ್ಮವೆಂದು ಕಂಡುಕೊಂಡರು. (ಅಲಿಗೇಟರ್‌ಗೆ ಇವು ದವಡೆಯ ಸುತ್ತ ಮಾತ್ರ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸಿಕೊಳ್ಳುವ ನಮ್ಮ ಮೊಸಳೆಗಳಿಗೆ ಮೈಯೆಲ್ಲ ಇವೆ. ಕೈಚೀಲದ ಚರ್ಮ ಯಾವುದರದ್ದೆಂದು ವ್ಯಾಪಾರಿಗಳು ಪತ್ತೆ ಹಚ್ಚುವುದೂ ಈ ಚುಕ್ಕೆಗಳಿಂದಲೇ.)

ಈಗ ಆ ಮರಳ ದಂಡೆಗೆ ಮರಳೋಣ. ಅಲಿಗೇಟರ್ ಚುರುಕಾಗುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, 28ರಿಂದ 33 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ಬಿಸುಪು. ಫ್ಲಾರಿಡಾದ ಜೂನ್ ರಾತ್ರಿಯ ಕೆರೆಯೆಂದರೆ ಅದೇ. ಅಂಚಿನ ಮೊಣಕಾಲುದ್ದದ ನೀರಿನಲ್ಲಿ ಅದು ಆಮೆ, ಹಕ್ಕಿ, ರಕೂನ್ ಎಂಬ ಪುಟ್ಟ ಪ್ರಾಣಿ ಇವುಗಳಿಗಾಗಿ ಕಾಯುತ್ತದೆ. ನೀರು ಕುಡಿಯಲು ಬಗ್ಗಿದ ರಕೂನ್ ಎಬ್ಬಿಸುವ ಅಲೆಗೂ ಪುಟ್ಟ ಬಕೆಟ್ ಅದ್ದಿದ ಮಗು ಎಬ್ಬಿಸುವ ಅಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡವರು ನೆಟ್ಟಗೆ ನಿಂತರೆ ಅದರ ಬೇಟೆಯ ಅಳತೆಗೆ ಸಿಗುವುದಿಲ್ಲ; ಮಕ್ಕಳು, ನಾಯಿಗಳು ಸಿಗುತ್ತವೆ. ಒಂದು ಮಾತು ಹೇಳಲೇಬೇಕು: ಕೆಣಕದೆ ಕಚ್ಚಿದ ಪ್ರಕರಣಗಳು ಇಡೀ ರಾಜ್ಯದಲ್ಲಿ 1948ರಿಂದ 2021ರವರೆಗೆ 442, ಸಾವು 26. ಹೆದರಿ ಪ್ರವಾಸ ಬಿಡುವ ಸಂಖ್ಯೆ ಇದಲ್ಲ. ಹಗಲಿನಲ್ಲಿ ಈಜುಕೊಳಕ್ಕೆ ಇಳಿಯಿರಿ, ಕತ್ತಲಾದ ಮೇಲೆ ಮಗುವನ್ನು ಕೆರೆಯ ಅಂಚಿಗೆ ಬಿಡಬೇಡಿ, ಅಷ್ಟೇ.

ದುರಂತದ ನಂತರ ಡಿಸ್ನಿ ದಂಡೆಗೆ ಬೇಲಿ, ಬಂಡೆಗಲ್ಲು ಹಾಕಿಸಿತು. ಹೊಸ ಫಲಕಗಳಲ್ಲಿ ಅಲಿಗೇಟರ್ ಹೆಸರೂ ಬಂತು, ಪ್ರಾಣಿಗಳಿಗೆ ತಿನ್ನಿಸಬೇಡಿ ಎಂಬ ಮಾತೂ ಸೇರಿತು. ಎರಡನೆಯದನ್ನೇ ಪ್ರವಾಸಿಗಳು ಹೆಚ್ಚು ಮರೆಯುವುದು. ಬ್ರೆಡ್ಡು, ಕೋಳಿ ತುಂಡು ಎಸೆಯುವವರಿಂದ ಅಲಿಗೇಟರ್‌ಗೆ ಮನುಷ್ಯರ ಭಯ ಬಿಟ್ಟುಹೋಗುತ್ತದೆ. ಅದಕ್ಕೇ ಫ್ಲಾರಿಡಾದಲ್ಲಿ ತಿನ್ನಿಸುವುದು ಅಪರಾಧ. ಹಾಗೆ ಸಲುಗೆ ಬೆಳೆದ, ನಾಲ್ಕು ಅಡಿಗಿಂತ ಉದ್ದದ ಅಲಿಗೇಟರ್ ಮೇಲೆ ದೂರು ಬಂದರೆ ಆಯೋಗ ಗುತ್ತಿಗೆಯವರನ್ನು ಕಳಿಸಿ ಹಿಡಿಸುತ್ತದೆ, ಸಾಮಾನ್ಯವಾಗಿ ಕೊಲ್ಲಿಸುತ್ತದೆ. ದೂರದ ಕೆರೆಗೆ ಬಿಟ್ಟು ಬರಬಾರದೇ ಎಂದರೆ, ಅದು ಹಳೆಯ ಜಾಗ ಹುಡುಕಿಕೊಂಡು ವಾಪಸ್ ಹೊರಡುತ್ತದೆ. ದಾರಿಯಲ್ಲಿ ರಸ್ತೆಗಳನ್ನೂ ಇನ್ನಷ್ಟು ಮನೆಗಳ ಹಿತ್ತಲುಗಳನ್ನೂ ದಾಟುತ್ತದೆ.