ಧರ್ಮದ ನಿರ್ವಚನ ಮತ್ತು ಸೈಂಟಾಲಜಿ ಕುರಿತ ವಾಗ್ವಾದ

1

ಧರ್ಮವೆಂದರೇನು ಎಂಬ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ನೆಲೆಯಲ್ಲಿ ಚರ್ಚಿಸುವುದು ಒಂದು ಬಗೆ; ನ್ಯಾಯಾಲಯ, ತೆರಿಗೆ ಇಲಾಖೆ, ಪತ್ರಿಕೆಗಳ ಮುಂದೆ ಅದೇ ಪ್ರಶ್ನೆ ಎದುರಾಗುವುದು ಇನ್ನೊಂದು ಬಗೆ. ಎರಡನೆಯ ಸಂದರ್ಭದಲ್ಲಿ ಉತ್ತರವನ್ನು ಮುಂದೂಡುವಂತಿಲ್ಲ. ಒಂದು ಸಂಸ್ಥೆಯನ್ನು ಧರ್ಮವೆಂದು ಒಪ್ಪಿದರೆ ಅದಕ್ಕೆ ತೆರಿಗೆಯ ವಿನಾಯಿತಿ, ವಿವಾಹ ನೆರವೇರಿಸುವ ಅಧಿಕಾರ, ಸಂವಿಧಾನದ ರಕ್ಷಣೆ ದೊರೆಯುತ್ತವೆ. ಒಪ್ಪದಿದ್ದರೆ ಅದು ವ್ಯಾಪಾರವೋ ವಂಚನೆಯೋ ಆಗಿಬಿಡುತ್ತದೆ. ಕಳೆದ ಏಳು ದಶಕಗಳಲ್ಲಿ ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿದ ಸಂಸ್ಥೆ ಅಮೆರಿಕದಲ್ಲಿ ಹುಟ್ಟಿದ ಸೈಂಟಾಲಜಿ. ಅದು ಧರ್ಮವೇ ಅಥವಾ ‘ಕಲ್ಟ್’ ಆಗಿದೆಯೇ ಎಂಬ ವಾಗ್ವಾದದ ಸ್ವರೂಪವನ್ನು ಪರಿಶೀಲಿಸುವುದು, ಆ ಮೂಲಕ ‘ಧರ್ಮ’ದ ನಿರ್ವಚನದಲ್ಲಿ ಅಡಗಿರುವ ತೊಡಕುಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಪ್ರಶ್ನೆ. ‘ಕಲ್ಟ್’ ಎಂಬುದನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ಪಂಥ’ ಎಂದು ಅನುವಾದಿಸಲಾಗುತ್ತದೆ. ಆದರೆ ನಾಥಪಂಥ, ದತ್ತಪಂಥ ಎನ್ನುವಾಗ ನಮ್ಮ ಮನಸ್ಸಿನಲ್ಲಿ ಯಾವ ನಿಂದೆಯೂ ಇರುವುದಿಲ್ಲ. ಪಂಥವೆಂದರೆ ದಾರಿ. ಮತ, ಸಂಪ್ರದಾಯ, ಹಳಗನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಬರುವ ‘ಸಮಯ’ ಈ ಪದಗಳು ಪರಸ್ಪರ ಭೇದವನ್ನು ಸೂಚಿಸುತ್ತವೆಯೇ ಹೊರತು ಒಂದನ್ನು ಅಸಲಿ, ಇನ್ನೊಂದನ್ನು ನಕಲಿ ಎಂದು ವಿಂಗಡಿಸುವುದಿಲ್ಲ. ‘ಕಲ್ಟ್’ ಕೂಡ ಮೂಲದಲ್ಲಿ ಪೂಜೆ, ಉಪಾಸನೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದೇ. ಜರ್ಮನಿಯ ಅರ್ನ್ಸ್ಟ್ ಟ್ರೋಲ್ಚ್ ಅವರು ಕ್ರೈಸ್ತ ಸಮಾಜದ ಅಧ್ಯಯನದಲ್ಲಿ ಚರ್ಚ್, ಸೆಕ್ಟ್ ಎಂಬ ಮಾದರಿಗಳನ್ನು ರೂಪಿಸಿದರು. 1932ರಲ್ಲಿ ಹೊವಾರ್ಡ್ ಬೆಕರ್ ಅವರು ಅದನ್ನು ವಿಸ್ತರಿಸುತ್ತ ‘ಕಲ್ಟ್’ ಅನ್ನು ಸಡಿಲ ಸಂಘಟನೆಯ, ವ್ಯಕ್ತಿನಿಷ್ಠ ಅನುಭವಕ್ಕೆ ಒತ್ತುಕೊಡುವ ಗುಂಪು ಎಂಬ ತಾಂತ್ರಿಕ ಅರ್ಥದಲ್ಲಿ ಬಳಸಿದರು. 1978ರ ನವೆಂಬರಿನಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ ಪೀಪಲ್ಸ್ ಟೆಂಪಲ್‌ನ 900ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಆ ಪದಕ್ಕೆ ಭಯದ ಅರ್ಥಛಾಯೆ ಗಟ್ಟಿಯಾಗಿ ಅಂಟಿಕೊಂಡಿತು. ವರ್ಣನೆಯ ಪದ ಆರೋಪದ ಪದವಾಯಿತು. ಐಲೀನ್ ಬಾರ್ಕರ್ ಮೊದಲಾದ ಸಮಾಜಶಾಸ್ತ್ರಜ್ಞರು ಅದನ್ನು ಕೈಬಿಟ್ಟು ‘ನವಧಾರ್ಮಿಕ ಚಳವಳಿ’ ಎಂಬ ಪರಿಕಲ್ಪನೆಯನ್ನು ಮುಂದಿಡಲು ಇದೇ ಕಾರಣ.

2

ಸೈಂಟಾಲಜಿಯ ಪ್ರವರ್ತಕ ಎಲ್. ರಾನ್ ಹಬಾರ್ಡ್ (1911-1986) ಮೂಲತಃ ಜನಪ್ರಿಯ ನಿಯತಕಾಲಿಕಗಳಿಗೆ ಸಾಹಸ ಮತ್ತು ವೈಜ್ಞಾನಿಕ ಕಥೆಗಳನ್ನು ಬರೆಯುತ್ತಿದ್ದ ಲೇಖಕರು. 1950ರ ಮೇ ತಿಂಗಳಲ್ಲಿ ಅವರ ‘ಡಯನೆಟಿಕ್ಸ್’ ಕೃತಿ ಪ್ರಕಟವಾಯಿತು. ಹಿಂದಿನ ನೋವಿನ ಅನುಭವಗಳು ‘ಎನ್‌ಗ್ರಾಮ್’ಗಳಾಗಿ ಮನಸ್ಸಿನಲ್ಲಿ ಅಚ್ಚೊತ್ತಿರುತ್ತವೆ, ‘ಆಡಿಟಿಂಗ್’ ಎಂಬ ಪ್ರಶ್ನೋತ್ತರ ಕ್ರಮದಿಂದ ಅವುಗಳನ್ನು ನಿವಾರಿಸಿ ‘ಕ್ಲಿಯರ್’ ಸ್ಥಿತಿಯನ್ನು ತಲುಪಬಹುದು ಎಂಬುದು ಅದರ ಪ್ರತಿಪಾದನೆ. ಆಗ ಇದು ಧರ್ಮವೆಂದು ಹೇಳಿಕೊಂಡಿರಲಿಲ್ಲ. ಮನಸ್ಸಿನ ವಿಜ್ಞಾನವೆಂದೇ ಹೇಳಿಕೊಂಡಿತ್ತು. ವೈದ್ಯ ಮತ್ತು ಮನೋವಿಜ್ಞಾನ ಸಮುದಾಯಗಳು ಅದನ್ನು ಒಪ್ಪಲಿಲ್ಲ. 1952ರಲ್ಲಿ ಹಬಾರ್ಡ್ ಸೈಂಟಾಲಜಿಯನ್ನು ಮುಂದಿಟ್ಟರು. ಮನುಷ್ಯನು ಮೂಲತಃ ‘ಥೀಟನ್’ ಎಂಬ ಅಮರ ಚೇತನ, ಅದು ಅನೇಕ ಜನ್ಮಗಳ ಮೂಲಕ ಹಾದುಬಂದಿದೆ ಎಂಬ ನಂಬಿಕೆ ಇಲ್ಲಿ ಸೇರಿಕೊಂಡಿತು. 1953ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಚರ್ಚ್ ಎಂಬ ಹೆಸರಿನಲ್ಲಿ ಸಂಸ್ಥೆಯನ್ನು ನೋಂದಾಯಿಸಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸಹವರ್ತಿಯೊಬ್ಬರಿಗೆ ಬರೆದ ಪತ್ರದಲ್ಲಿ ಹಬಾರ್ಡ್ ಸಂಸ್ಥೆಗೆ ಧಾರ್ಮಿಕ ರೂಪ ಕೊಡುವ ಬಗೆಗೆ ಅಭಿಪ್ರಾಯ ಕೇಳಿದ್ದರು. ಧರ್ಮದ ವೇಷವನ್ನು ಅನುಕೂಲಕ್ಕಾಗಿ ತೊಡಲಾಯಿತು ಎನ್ನುವ ವಿಮರ್ಶಕರಿಗೆ ಈ ಪತ್ರ ಮುಖ್ಯ ಆಧಾರ.

ಮುಂದಿನ ಘಟನೆಗಳು ಈ ಸಂಶಯವನ್ನು ಬೆಳೆಸಿದವು. 1963ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಡಿಟಿಂಗ್‌ಗೆ ಬಳಸುವ ‘ಇ-ಮೀಟರ್’ ಎಂಬ ವಿದ್ಯುತ್ ಉಪಕರಣಗಳನ್ನು ವಾಷಿಂಗ್ಟನ್‌ನಲ್ಲಿ ಜಪ್ತಿ ಮಾಡಿತು. ಈ ವ್ಯಾಜ್ಯವು 1971ರಲ್ಲಿ ಕೊನೆಗೊಂಡಾಗ, ರೋಗ ಗುಣಪಡಿಸುವುದೆಂದು ಹೇಳದೆ ಕೇವಲ ಧಾರ್ಮಿಕ ಸಮಾಲೋಚನೆಗೆ ಮಾತ್ರ ಉಪಕರಣವನ್ನು ಬಳಸಬಹುದೆಂಬ ತೀರ್ಪು ಬಂತು. ಒಂದೇ ಉಪಕರಣ ವೈದ್ಯಕೀಯ ನೆಲೆಯಲ್ಲಿ ಆಕ್ಷೇಪಾರ್ಹ, ಧಾರ್ಮಿಕ ನೆಲೆಯಲ್ಲಿ ಅನುಮತ. ‘ಧರ್ಮ’ ಎಂಬ ಪದಕ್ಕೆ ಎಂತಹ ಬೆಲೆಯಿದೆ ಎಂಬುದನ್ನು ಈ ತೀರ್ಪು ಬಯಲು ಮಾಡುತ್ತದೆ. 1967ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಕ್ಯಾಲಿಫೋರ್ನಿಯಾದ ಚರ್ಚ್‌ಗೆ ಕೊಟ್ಟಿದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಸರ್ಕಾರಿ ಕಚೇರಿಗಳಿಗೆ ನುಸುಳಿ ದಾಖಲೆಗಳನ್ನು ಕದ್ದ ಪ್ರಕರಣದಲ್ಲಿ 1979ರಲ್ಲಿ ಹಬಾರ್ಡ್ ಅವರ ಪತ್ನಿಯೂ ಸೇರಿದಂತೆ ಸಂಸ್ಥೆಯ ಹಿರಿಯ ಪದಾಧಿಕಾರಿಗಳು ಅಪರಾಧಿಗಳೆಂದು ಸಾಬೀತಾಯಿತು. ಆಡಿಟಿಂಗ್‌ಗೆ ಕೊಡುವ ಹಣ ನಿಗದಿತ ಸೇವೆಗೆ ಪ್ರತಿಯಾಗಿ ಕೊಡುವ ಹಣವಾದ್ದರಿಂದ ಅದನ್ನು ದಾನವೆಂದು ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದು 1989ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಷ್ಟಾದರೂ 1993ರ ಅಕ್ಟೋಬರಿನಲ್ಲಿ ತೆರಿಗೆ ಇಲಾಖೆಯೇ ಒಪ್ಪಂದಕ್ಕೆ ಬಂದು ವಿನಾಯಿತಿ ನೀಡಿತು. ಹೀಗಾಗಿ ಅಮೆರಿಕದಲ್ಲಿ ಈ ಪ್ರಶ್ನೆ ಇತ್ಯರ್ಥವಾದದ್ದು ತಾತ್ತ್ವಿಕ ವಿವೇಚನೆಯಿಂದಲ್ಲ, ದೀರ್ಘ ವ್ಯಾಜ್ಯದ ಬಳಿಕ ನಡೆದ ರಾಜಿಯಿಂದ.

3

ವಿದ್ವಾಂಸರ ನಡುವಿನ ಭಿನ್ನಾಭಿಪ್ರಾಯವೂ ಸಣ್ಣದಲ್ಲ. ರಾಯ್ ವಾಲಿಸ್ ಅವರು 1976ರ ಅಧ್ಯಯನದಲ್ಲಿ ಡಯನೆಟಿಕ್ಸ್‌ನ ಸಡಿಲ ಗುಂಪು ಸೈಂಟಾಲಜಿಯ ಬಿಗಿಯಾದ, ಅಧಿಕಾರ ಕೇಂದ್ರಿತ ಸಂಘಟನೆಯಾಗಿ ಮಾರ್ಪಟ್ಟ ಬಗೆಯನ್ನು ವಿವರಿಸಿದರು. ಅವರ ಪರಿಭಾಷೆಯಂತೆ ಇದು ಕಲ್ಟ್‌ನಿಂದ ಸೆಕ್ಟ್‌ನೆಡೆಗೆ ಸಾಗಿದ ಪಯಣ. ಜನಬಳಕೆಯ ಆರೋಪಕ್ಕೆ ತೀರ ವಿರುದ್ಧವಾದ ದಿಕ್ಕು. ಬ್ರಯನ್ ವಿಲ್ಸನ್ ಅವರು ಧರ್ಮಗಳ ಸಾಮಾನ್ಯ ಲಕ್ಷಣಗಳ ಪಟ್ಟಿಯೊಂದಿಗೆ ಹೋಲಿಸಿ ಸೈಂಟಾಲಜಿಯನ್ನು ಧರ್ಮವೆಂದೇ ಪರಿಗಣಿಸಬೇಕೆಂದರು. ಬೆಂಜಮಿನ್ ಬೈಟ್-ಹಲ್ಲಾಹ್ಮಿ ಅವರು ಇದನ್ನು ಒಪ್ಪದೆ, ಸಂಸ್ಥೆಯ ಸ್ವಂತ ದಾಖಲೆಗಳೇ ಅದರ ವಾಣಿಜ್ಯ ಸ್ವರೂಪವನ್ನು ತೋರಿಸುತ್ತವೆ ಎಂದು ವಾದಿಸಿದರು. ಸ್ಟೀಫನ್ ಕೆಂಟ್ ಅವರ ನಿಲುವು ಇವೆರಡಕ್ಕಿಂತ ಭಿನ್ನ. ಸೈಂಟಾಲಜಿ ಬಹುರಾಷ್ಟ್ರೀಯ ಸ್ವರೂಪದ ಸಂಕೀರ್ಣ ಸಂಸ್ಥೆ, ಧರ್ಮ ಅದರ ಒಂದು ಅಂಗ ಮಾತ್ರ ಎಂಬುದು ಅವರ ಪ್ರತಿಪಾದನೆ.

ಈ ಚರ್ಚೆಯ ಒಳಗೆ ಸಾಕ್ಷ್ಯದ ಪ್ರಶ್ನೆಯೊಂದಿದೆ. ಸಂಸ್ಥೆಯನ್ನು ತೊರೆದವರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ತೊರೆದವರು ತಮ್ಮ ಗತವನ್ನು ಸಮರ್ಥಿಸಿಕೊಳ್ಳಲು ಕಥನವನ್ನು ಹೊಂದಿಸಿಕೊಳ್ಳುತ್ತಾರೆ, ಆದ್ದರಿಂದ ಅದನ್ನು ನೆಚ್ಚುವಂತಿಲ್ಲ ಎಂಬುದು ವಿಲ್ಸನ್ ಅವರ ನಿಲುವು. ಆದರೆ ಒಳಗಿರುವವರ ಮಾತೂ ಹೀಗೆಯೇ ಹೊಂದಿಸಿಕೊಂಡದ್ದಾಗಿರಬಹುದಲ್ಲವೇ? ‘ಅಡ್ಡಿಪಡಿಸುವ ವ್ಯಕ್ತಿ’ ಎಂದು ಸಂಸ್ಥೆ ಘೋಷಿಸಿದವರೊಂದಿಗೆ ಬಂಧುಗಳೂ ಸಂಬಂಧ ಕಡಿದುಕೊಳ್ಳಬೇಕಾದ ‘ಡಿಸ್‌ಕನೆಕ್ಷನ್’ ಪದ್ಧತಿಯಿಂದ ತಾಯಿ-ಮಕ್ಕಳು ಅಗಲಿದ್ದನ್ನು ತೊರೆದ ಅನೇಕರು ದಾಖಲಿಸಿದ್ದಾರೆ. ಸಂಬಂಧ ಕಡಿದುಕೊಳ್ಳುವುದು ಸದಸ್ಯರ ಸ್ವಂತ ಆಯ್ಕೆಯೆಂದು ಸಂಸ್ಥೆ ಹೇಳುತ್ತದೆ. ಇಂತಹ ಕಡೆ ಒಂದು ಬಗೆಯ ಸಾಕ್ಷಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ವಸ್ತುನಿಷ್ಠತೆಯಲ್ಲ. ಪ್ರತಿಯೊಂದು ಸಾಕ್ಷ್ಯವನ್ನೂ ಇತರ ದಾಖಲೆಗಳೊಡನೆ ಇಟ್ಟು ತೂಗುವುದೇ ಸಂಶೋಧಕನಿಗೆ ಉಳಿದಿರುವ ಮಾರ್ಗ.

ಗೋಪ್ಯತೆಯ ವಿಚಾರವೂ ಗಮನಾರ್ಹ. ಸೈಂಟಾಲಜಿಯ ಮೇಲ್ಹಂತದ ಬೋಧನೆಗಳು, ಆ ಹಂತ ತಲುಪಿದವರಿಗೆ ಮಾತ್ರ ತೆರೆದುಕೊಳ್ಳುತ್ತವೆ. ಆ ಹಂತವನ್ನು ತಲುಪಲು ಬಹಳಷ್ಟು ಹಣ ಬೇಕು. ಹ್ಯೂ ಅರ್ಬನ್ ಅವರು ಇದನ್ನು 2011ರ ತಮ್ಮ ಕೃತಿಯಲ್ಲಿ ಚರ್ಚಿಸಿದ್ದಾರೆ. ಅದಕ್ಕೂ ಮುನ್ನ ಅವರು ಬಂಗಾಳದ ಕರ್ತಾಭಜಾ ಪಂಥದ ಗೋಪ್ಯತೆಯನ್ನು ಅಧ್ಯಯನ ಮಾಡಿದ್ದರೆಂಬುದು ಆಕಸ್ಮಿಕವಲ್ಲ. ದೀಕ್ಷೆ, ಗುರೂಪದೇಶ, ರಹಸ್ಯಮಂತ್ರಗಳ ಪರಂಪರೆಯನ್ನು ಬಲ್ಲ ನಮಗೆ ಗೋಪ್ಯತೆಯೊಂದರಿಂದಲೇ ಯಾವುದೂ ಅಧರ್ಮವಾಗದೆಂಬುದು ತಿಳಿದ ಸಂಗತಿ. ಬೆಲೆಪಟ್ಟಿ ಮತ್ತು ಹಕ್ಕುಸ್ವಾಮ್ಯದ ಕಾಯಿದೆಯ ಮೂಲಕ ಆ ಗೋಪ್ಯವನ್ನು ಕಾಯ್ದುಕೊಳ್ಳುವ ರೀತಿ ಮಾತ್ರ ಆಧುನಿಕ ಬಂಡವಾಳದ ಜಗತ್ತಿಗೆ ಸೇರಿದ್ದು.

4

ಬೇರೆ ಬೇರೆ ದೇಶಗಳ ನ್ಯಾಯಾಲಯಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿರ್ವಚನದ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1965ರ ವಿಚಾರಣಾ ವರದಿಯೊಂದರ ಬೆನ್ನಲ್ಲೇ ಸೈಂಟಾಲಜಿಯನ್ನು ಕಾಯಿದೆಯ ಮೂಲಕ ನಿರ್ಬಂಧಿಸಿತು. ಅದೇ ದೇಶದ ಹೈಕೋರ್ಟು 1983ರಲ್ಲಿ ವೇತನ ತೆರಿಗೆಯ ಮೊಕದ್ದಮೆಯೊಂದರಲ್ಲಿ ಅದನ್ನು ಧರ್ಮವೆಂದು ಒಪ್ಪಿತು. ಅತೀಂದ್ರಿಯವಾದ ಸತ್ತೆ ಅಥವಾ ತತ್ತ್ವದಲ್ಲಿ ನಂಬಿಕೆ, ಆ ನಂಬಿಕೆಗೆ ಅನುಗುಣವಾದ ನಡತೆಯ ನಿಯಮಗಳ ಸ್ವೀಕಾರ ಇವೆರಡೂ ಇದ್ದರೆ ಸಾಕು ಎಂದು ನ್ಯಾಯಮೂರ್ತಿಗಳಾದ ಮೇಸನ್ ಮತ್ತು ಬ್ರೆನನ್ ಹೇಳಿದರು. ಪ್ರವರ್ತಕನಲ್ಲಿ ಪ್ರಾಮಾಣಿಕತೆ ಇಲ್ಲದಿದ್ದರೂ ಅನುಯಾಯಿಗಳ ನಂಬಿಕೆ ಧಾರ್ಮಿಕವೇ ಆಗಿರಬಹುದು, ಕಪಟವು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ತೆರಬೇಕಾದ ಬೆಲೆ ಎಂಬ ಅವರ ಮಾತಿನ ಸಾರ ಬಹಳ ಮಹತ್ವದ್ದು. 1953ರ ಪತ್ರವನ್ನು ಮುಂದಿಡುವ ವಾದಕ್ಕೆ ಇದು ನೇರ ಉತ್ತರ.

ಇಂಗ್ಲೆಂಡಿನಲ್ಲಿ 1970ರಲ್ಲಿ ಲಾರ್ಡ್ ಡೆನಿಂಗ್ ಅವರು, ಪರಮದೈವವನ್ನು ಪೂಜಿಸದ ಸೈಂಟಾಲಜಿಯ ಮಂದಿರ ಧಾರ್ಮಿಕ ಆರಾಧನೆಯ ಸ್ಥಳವಲ್ಲವೆಂದು ತೀರ್ಪಿತ್ತರು. ಬೌದ್ಧ ಮಂದಿರಗಳನ್ನು ಮಾತ್ರ ಅಪವಾದವೆಂದರು. 2013ರ ಡಿಸೆಂಬರಿನಲ್ಲಿ, ಲಂಡನ್ನಿನ ಸೈಂಟಾಲಜಿ ಮಂದಿರದಲ್ಲಿ ವಿವಾಹವಾಗಬಯಸಿದ ಜೋಡಿಯ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿರಿಸಿತು. ಪರಮದೈವದ ಷರತ್ತು ಹಾಕಿದರೆ ಬೌದ್ಧ, ಜೈನ ಮೊದಲಾದ ಮತಗಳೂ ಹಿಂದೂ ಧರ್ಮದ ಒಂದು ಭಾಗವೂ ಹೊರಗುಳಿಯುತ್ತವೆ ಎಂಬುದು ಲಾರ್ಡ್ ಟೂಲ್ಸನ್ ಅವರು ಕೊಟ್ಟ ಕಾರಣ. ಇದಕ್ಕೆ ಎರಡು ತಿಂಗಳ ಹಿಂದಷ್ಟೇ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು ಸೈಂಟಾಲಜಿಯ ಎರಡು ಸಂಸ್ಥೆಗಳಿಗೆ ಸಂಘಟಿತ ವಂಚನೆಗಾಗಿ ವಿಧಿಸಿದ್ದ 6 ಲಕ್ಷ ಯೂರೋ ದಂಡವನ್ನು ಎತ್ತಿಹಿಡಿದಿತ್ತು. ಇನ್ನೊಂದೆಡೆ 2016ರಲ್ಲಿ ಬೆಲ್ಜಿಯಮ್ಮಿನ ನ್ಯಾಯಾಲಯವು ತನಿಖೆಯೇ ಪೂರ್ವಗ್ರಹದಿಂದ ಕೂಡಿತ್ತೆಂದು ಆಕ್ಷೇಪಿಸಿ ಆರೋಪಗಳನ್ನು ತಳ್ಳಿಹಾಕಿತು.

ಮೇಲ್ನೋಟಕ್ಕೆ ಲಂಡನ್ ಮತ್ತು ಪ್ಯಾರಿಸ್‌ನ ತೀರ್ಪುಗಳು ಪರಸ್ಪರ ವಿರುದ್ಧ. ಆದರೆ ಸೂಕ್ಷ್ಮವಾಗಿ ನೋಡಿದರೆ ಅವು ಉತ್ತರಿಸಿದ ಪ್ರಶ್ನೆಗಳೇ ಬೇರೆ. ಒಂದು ನಂಬಿಕೆಯ ಸ್ವರೂಪವನ್ನು ಕುರಿತದ್ದು, ಇನ್ನೊಂದು ನಿರ್ದಿಷ್ಟ ಕೃತ್ಯಗಳನ್ನು ಕುರಿತದ್ದು. ಎರಡೂ ಏಕಕಾಲಕ್ಕೆ ಸರಿಯಾಗಿರಲು ಯಾವ ಅಡ್ಡಿಯೂ ಇಲ್ಲ.

5

ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ. ಉಡುಪಿಯ ಶೀರೂರು ಮಠಾಧಿಪತಿಗಳು ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯಿದೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿಯೇ ಇದನ್ನು ಚರ್ಚಿಸಿತ್ತು. ಧರ್ಮವನ್ನು ಸೃಷ್ಟಿಕರ್ತನೊಡನೆ ಮನುಷ್ಯನಿಗಿರುವ ಸಂಬಂಧವೆಂದು ಹೇಳಿದ ಅಮೆರಿಕದ 1890ರ ತೀರ್ಪಿನ ವ್ಯಾಖ್ಯೆಯನ್ನು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ಅವರು ಸಮರ್ಪಕವೆಂದು ಒಪ್ಪಲಿಲ್ಲ. ಬೌದ್ಧ ಮತ್ತು ಜೈನಗಳು ದೇವರನ್ನು ಒಪ್ಪದ ಧರ್ಮಗಳೆಂಬುದನ್ನು ಎತ್ತಿ ತೋರಿಸಿದರು. ಅಂದರೆ ಲಂಡನ್ನಿನಲ್ಲಿ 2013ರಲ್ಲಿ ಮುಂದಿಟ್ಟ ಕಾರಣ ಇಲ್ಲಿ ಆರು ದಶಕಗಳಷ್ಟು ಮೊದಲೇ ದಾಖಲಾಗಿತ್ತು. ಸೃಷ್ಟಿಕರ್ತನಿಲ್ಲದ ಲೋಕವನ್ನೂ ಜನ್ಮಾಂತರಗಳಲ್ಲಿ ಸಾಗುವ ಜೀವವನ್ನೂ ಜೈನಕಾವ್ಯಗಳಲ್ಲಿ ಓದುತ್ತ ಬಂದ ಕನ್ನಡದ ಓದುಗನಿಗೆ ಈ ಕಾರಣ ಹೊಸದೆನಿಸುವುದಿಲ್ಲ. ಹಾಗೆಂದು ಥೀಟನ್ ಮತ್ತು ಜೀವ ಒಂದೇ ಎಂದಲ್ಲ. ಹಬಾರ್ಡ್ ತಮ್ಮ ಬೋಧನೆಗೆ ವೇದ ಮತ್ತು ಬೌದ್ಧ ಮೂಲಗಳನ್ನು ಹೇಳಿಕೊಂಡದ್ದುಂಟು. ಹೋಲಿಕೆಯಿಂದ ವಂಶಾವಳಿ ಸಿದ್ಧವಾಗದು.

ಶೀರೂರು ಪ್ರಕರಣದ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಧರ್ಮದ ಅವಿಭಾಜ್ಯ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಆಸ್ತಿಯ ಆಡಳಿತದಂತಹ ಲೌಕಿಕ ವ್ಯವಹಾರವನ್ನು ಮಾತ್ರ ಪ್ರಭುತ್ವ ಕಾನೂನಿನ ಮೂಲಕ ನಿಯಂತ್ರಿಸಬಹುದು ಎಂದು ಅದು ಹೇಳಿತು. ಧರ್ಮವೆಂಬ ಮನ್ನಣೆ ಎಲ್ಲ ವ್ಯವಹಾರಕ್ಕೂ ರಕ್ಷಾಕವಚವಲ್ಲ. ಆದರೂ ಈ ಗೆರೆ ಎಳೆಯುವುದು ಸುಲಭವಲ್ಲ. ಆರೋವಿಲ್ ಕುರಿತ ಪ್ರಕರಣದಲ್ಲಿ 1982ರಲ್ಲಿ ಅದೇ ನ್ಯಾಯಾಲಯದ ಬಹುಮತವು ಅರವಿಂದರ ಬೋಧನೆ ತತ್ತ್ವಜ್ಞಾನವೇ ಹೊರತು ಧರ್ಮವಲ್ಲವೆಂದಾಗ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ಆ ಅಂಶವನ್ನು ಒಪ್ಪಲಿಲ್ಲ.

6

ಮೇಲಿನ ಚರ್ಚೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ‘ಧರ್ಮವೋ ಕಲ್ಟೋ’ ಎಂಬ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ: ಆ ಸಂಸ್ಥೆಯ ನಂಬಿಕೆ-ಆಚರಣೆಗಳಿಗೆ ಧರ್ಮದ ಸ್ವರೂಪವಿದೆಯೇ, ಪ್ರಭುತ್ವ ಅದಕ್ಕೆ ಯಾವ ಸವಲತ್ತು ಕೊಡಬೇಕು, ಅದು ತನ್ನ ಸದಸ್ಯರನ್ನು ಹೇಗೆ ನಡೆಸಿಕೊಳ್ಳುತ್ತದೆ. ‘ಕಲ್ಟ್’ ಎನ್ನುವವರು ಮೂರನೆಯದಕ್ಕೆ ಉತ್ತರಿಸುತ್ತ ಮೊದಲನೆಯದನ್ನು ಬಗೆಹರಿಸಿದೆವೆಂದು ಭಾವಿಸುತ್ತಾರೆ. ‘ಧರ್ಮ’ ಎನ್ನುವವರು ಮೊದಲನೆಯದಕ್ಕೆ ಉತ್ತರಿಸಿ ಮೂರನೆಯದರಿಂದ ಬಿಡುಗಡೆ ಪಡೆಯಲು ನೋಡುತ್ತಾರೆ. ಸೈಂಟಾಲಜಿಗೆ ಧರ್ಮದ ಸ್ವರೂಪವಿದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಅದನ್ನು ಒಪ್ಪಿಕೊಂಡ ಮಾತ್ರಕ್ಕೆ ಅದರಿಂದ ನೊಂದವರ ದೂರು ಹಗುರವಾಗುವುದಿಲ್ಲ. ಎಲ್ಲ ಧರ್ಮಗಳೂ ಒಳ್ಳೆಯವು, ಆದ್ದರಿಂದ ಕೆಟ್ಟದ್ದು ಧರ್ಮವಲ್ಲ ಎಂಬ ಪೂರ್ವಗ್ರಹವೇ ಈ ವಾಗ್ವಾದದ ಎರಡೂ ಪಕ್ಷಗಳನ್ನು ಕಟ್ಟಿಹಾಕಿದೆ.

ಕನ್ನಡದ ಅಧ್ಯಯನಕಾರರಿಗೆ ಇದರಿಂದ ಎರಡು ಸೂಚನೆಗಳು ದೊರೆಯುತ್ತವೆ. ಒಂದು, ‘ಕಲ್ಟ್’ ಅನ್ನು ‘ಪಂಥ’ವೆಂದು ಅನುವಾದಿಸಿದಾಗ ಪರದೇಶದ ಒಂದು ಆರೋಪವು ನಮ್ಮ ನಾಥ, ದತ್ತ, ಆರೂಢ ಪರಂಪರೆಗಳ ಮೇಲೆ ತಿಳಿಯದಂತೆ ಬಂದು ಕೂರುತ್ತದೆ; ಈ ಬಗೆಗೆ ಎಚ್ಚರ ಅಗತ್ಯ. ಎರಡು, ಶೋಷಣೆ ಕಂಡಲ್ಲಿ ಅದನ್ನು ವಂಚನೆ, ಬಲವಂತ, ಕುಟುಂಬವಿಚ್ಛೇದ ಎಂದು ಅದರದೇ ಹೆಸರಿನಿಂದ ಕರೆಯಬೇಕು. ಗುಂಪಿಗೆ ಹಚ್ಚುವ ಹಣೆಪಟ್ಟಿಗಿಂತ ಕೃತ್ಯಕ್ಕೆ ಇಡುವ ನಿಖರವಾದ ಹೆಸರು ನೊಂದವರಿಗೆ ಹೆಚ್ಚು ನ್ಯಾಯ ಒದಗಿಸಬಲ್ಲದು.