ಪೆಟ್ಟಿಗೆ ನಜ್ಜುಗುಜ್ಜು: ಹೊಣೆ ವಿಮಾನದ್ದೋ, ಲಾರಿಯದೋ?

ಜರ್ಮನಿಯಿಂದ ಯಂತ್ರದ ಬಿಡಿಭಾಗ ತರಿಸಿದಿರಿ ಎನ್ನಿ. ದೇವನಹಳ್ಳಿ ನಿಲ್ದಾಣದವರೆಗೆ ವಿಮಾನ, ಅಲ್ಲಿಂದ ನಿಮ್ಮ ಅಂಗಡಿಗೆ ಲಾರಿ. ಬಿಚ್ಚಿ ನೋಡಿದರೆ ಮಾಲು ಚೂರು! ವಿಮಾನದವರು 'ಲಾರಿಯವನನ್ನು ಕೇಳಿ' ಅಂತಾರೆ. ಲಾರಿಯವನು 'ಬಂದದ್ದೇ ಹಾಗೆ ಸ್ವಾಮಿ' ಅಂತಾನೆ. ಇಬ್ಬರ ಜಗಳದಲ್ಲಿ ಕೂಸು ಬಡವಾದಂತೆ ವರ್ತಕನ ಪಾಡು.

ಕಾನೂನು ಏನನ್ನುತ್ತೆ? 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಮಾಲು ತಲುಪಿಸುವ ಲಾರಿ ಪ್ರಯಾಣವೂ ವಿಮಾನ ಕಂಪನಿಯ ಕರಾರಿನೊಳಗೇ ಇದ್ದರೆ, ಬೇರೆ ಪುರಾವೆ ಇಲ್ಲದಿದ್ದಲ್ಲಿ ಹಾನಿ ವಿಮಾನ ಸಾಗಣೆಯಲ್ಲೇ ಆಯಿತೆಂದು ಲೆಕ್ಕ. ಕಳಿಸಿದವರನ್ನು ಕೇಳದೆ ವಿಮಾನದ ಬದಲು ಲಾರಿಗೆ ಹೇರಿದರೂ ಅದು ವಿಮಾನ ಸಾಗಣೆಯೇ!

ಆದರೆ ನಿಲ್ದಾಣದಲ್ಲಿ ಮಾಲು ಬಿಡಿಸಿಕೊಂಡು ನೀವೇ ಲಾರಿ ಗೊತ್ತುಮಾಡಿದರೆ ಮಾತು ಬೇರೆ. ಆ ದಾರಿಗೆ 2007ರ ರಸ್ತೆ ಸಾಗಣೆ ಕಾಯಿದೆ. ಲಾರಿಯವರ ಮೇಲೆ ದಾವೆ ಹೂಡುವುದಾದರೆ, ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಅದಕ್ಕೇ ನಿಲ್ದಾಣದಲ್ಲೇ ಪೆಟ್ಟಿಗೆ ನೋಡಿ. ಜಖಂ ಇದ್ದರೆ ರಸೀದಿಯ ಮೇಲೆ ಬರೆಸಿ.

ವಿಮಾನ ಕಂಪನಿಗೆ ದೂರು ಬರಹದಲ್ಲೇ ಹೋಗಬೇಕು. ಜಖಂ ಆಗಿದ್ದರೆ ಮಾಲು ಕೈಸೇರಿದ 14 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ. ತಪ್ಪಿದಿರೋ, ಕೇಸು ಬಿದ್ದಂತೆ. ದಾವೆಗೆ 2 ವರ್ಷ ಗಡುವು.

ಪರಿಹಾರಕ್ಕೂ ಕಿಲೋ ತೂಕದ ಲೆಕ್ಕದಲ್ಲಿ ಮಿತಿ ಉಂಟು. ದುಬಾರಿ ಮಾಲಾದರೆ ಕಳಿಸುವಾಗಲೇ ಬೆಲೆ ಘೋಷಿಸಿ, ಕೇಳಿದ ಹೆಚ್ಚುವರಿ ದರ ಕಟ್ಟಿಸಿ.

ಫೋನಿನಲ್ಲಿ ಕೂಗಾಡಿದರೆ ಗಂಟಲು ನೋವು ಅಷ್ಟೇ. ಕಾಗದ ಇದ್ದವನಿಗೇ ಕಾಸು!